ಮೊದಲು ಎಸ್‌ಎಂಪಿಎಸ್ ನೋಡಿ, ಆಮೇಲೆ ಡ್ರೈವರ್ ಮಾತು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗ್ರಾಫಿಕ್ಸ್ ಕಾರ್ಡ್ ಬಗ್ಗೆಯೇ ಇವೆ. ಮುಂಬಯಿಯ ಮುಲುಂಡ್‌ನಲ್ಲಿರುವ ನನ್ನ ರಿಪೇರಿ ಅಂಗಡಿಗೂ ಈಗ ಇದೇ ಕೆಲಸ ಜಾಸ್ತಿ ಬರುತ್ತಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಲ್ಲಿಸಿತು. ಅದೇ ತಿಂಗಳು ಎನ್‌ವಿಡಿಯಾದ ಕೆಲವು ಹಳೆಯ ಕಾರ್ಡುಗಳ ಮಾಮೂಲಿ ಡ್ರೈವರ್‌ಗೂ, ಅಂದರೆ ವಿಂಡೋಸ್ ಕಾರ್ಡಿನಿಂದ ಕೆಲಸ ಮಾಡಿಸಲು ಬೇಕಾದ ಸಾಫ್ಟ್‌ವೇರ್‌ಗೂ, ಕೊನೆ ಬಂತು. ಹಾಗಾಗಿ ಹಳೆಯ ಪಿಸಿ ಇಟ್ಟುಕೊಂಡವರೆಲ್ಲ ಹೊಸ ಕಾರ್ಡ್ ಹುಡುಕುತ್ತಿದ್ದಾರೆ. ಐದು ಪತ್ರ ಆರಿಸಿಕೊಂಡಿದ್ದೇನೆ. ತಲೆಬರಹದ ಎಸ್‌ಎಂಪಿಎಸ್ ಅಂದರೆ ಪಿಸಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬಿ. ಮೊದಲನೆಯದಕ್ಕೆ ಉತ್ತರ ಉದ್ದವಾಗಿದೆ. ಆ ತೊಂದರೆಯಲ್ಲಿ ತುಂಬಾ ಜನರ ದುಡ್ಡು ಸುಮ್ನೆ ಹೋಗುತ್ತಿದೆ, ಅದಕ್ಕೆ.

ಅಣ್ಣಾ, ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ನಮ್ಮ ಸಂಘದ ಯಕ್ಷಗಾನ, ತಾಳಮದ್ದಲೆಗಳನ್ನು ರೆಕಾರ್ಡ್ ಮಾಡಿ, ಎಡಿಟ್ ಮಾಡಿ ಸದಸ್ಯರಿಗೆ ಕಳಿಸುವುದು ನನ್ನ ಕೆಲಸ. ಐ5-8400 ಪ್ರೊಸೆಸರ್ ಇರುವ ಅಸೆಂಬಲ್ಡ್ ಪಿಸಿ. ಮೊದಲು ಜಿಟಿಎಕ್ಸ್ 1050 ಟಿಐ ಕಾರ್ಡ್ ಇತ್ತು. ಈಗ ಆರ್‌ಟಿಎಕ್ಸ್ 3060, 12 ಜಿಬಿಯದು ಹಾಕಿಸಿದೆ. ಬ್ರೌಸಿಂಗ್, ಯೂಟ್ಯೂಬ್ ಎಲ್ಲ ಸರಿ. ಎಡಿಟ್ ಮಾಡಿದ್ದನ್ನು ಒಂದೇ ವಿಡಿಯೋ ಫೈಲ್ ಮಾಡಲು ರೆಂಡರ್ ಶುರು ಮಾಡಿದರೆ ಸ್ವಲ್ಪ ಹೊತ್ತಿಗೆ ಪಿಸಿ ಪಟ್ಟನೆ ಆಫ್ ಆಗುತ್ತದೆ. ಅಂಗಡಿಯವರು ಡ್ರೈವರ್ ತೊಂದರೆ ಅಂದರು, ವಿಂಡೋಸ್ ಫಾರ್ಮ್ಯಾಟ್ ಮಾಡಿದರು. ಆದರೂ ಹೋಗಲಿಲ್ಲ. ಈಗ ಕಾರ್ಡೇ ಕೆಟ್ಟಿದೆ, ಬದಲಿಸಿ ಅನ್ನುತ್ತಿದ್ದಾರೆ. ಕ್ಯಾಬಿನೆಟ್ ಒಳಗಿನ ಫೋಟೋ, ಎಸ್‌ಎಂಪಿಎಸ್ ಲೇಬಲ್ ಫೋಟೋ ಜೊತೆಗಿವೆ.

ಫೋಟೋ ಕಳಿಸಿ ಒಳ್ಳೆಯದು ಮಾಡಿದಿರಿ. ಉತ್ತರ ಆ ಲೇಬಲ್‌ನಲ್ಲೇ ಇದೆ. ದಯವಿಟ್ಟು ಕಾರ್ಡ್ ಬದಲಿಸಬೇಡಿ. ಇನ್ನೊಂದು ಸಲ ಫಾರ್ಮ್ಯಾಟ್ ಮಾಡಲೂ ಬಿಡಬೇಡಿ.

ಲೇಬಲ್ ಮೇಲೆ ದೊಡ್ಡದಾಗಿ 450 ಅಂತ ಇದೆ. ಅದನ್ನು ಬಿಡಿ. ಕೆಳಗಿನ ಕೋಷ್ಟಕದಲ್ಲಿ 12 ವೋಲ್ಟ್ ಸಾಲು ನೋಡಿ. ಅಲ್ಲಿ 18 ಆಂಪಿಯರ್ ಅಂತ ಬರೆದಿದೆ. 12ನ್ನು 18ರಿಂದ ಗುಣಿಸಿದರೆ 216 ವ್ಯಾಟ್. ಇವತ್ತಿನ ಪಿಸಿಯಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಹೆಚ್ಚುಕಮ್ಮಿ ಪೂರ್ತಿ ಈ 12 ವೋಲ್ಟ್ ಸಾಲಿನಿಂದಲೇ. 3060 ಕಾರ್ಡಿಗೆ 170 ವ್ಯಾಟ್ ಬೇಕು. ನಿಮ್ಮ ಐ5ಗೆ ಕಂಪನಿ ಬರೆದಿರುವುದು 65 ವ್ಯಾಟ್, ರೆಂಡರ್ ಹೊತ್ತಲ್ಲಿ ಅದಕ್ಕಿಂತ ಜಾಸ್ತಿಯೇ ಎಳೆಯುತ್ತದೆ. ಇವೆರಡೇ 235 ದಾಟಿದವು. ಹಾರ್ಡ್ ಡಿಸ್ಕ್, ಫ್ಯಾನ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಬ್ರೌಸಿಂಗ್ ಮಾಡುವಾಗ ಕಾರ್ಡ್ ಹೆಚ್ಚು ಕರೆಂಟ್ ಕೇಳುವುದಿಲ್ಲ, ಹಾಗಾಗಿ ಎಲ್ಲ ಸರಿ ಇರುವಂತೆ ಕಾಣುತ್ತದೆ. ರೆಂಡರ್ ಶುರುವಾದ ಕೂಡಲೇ ಎರಡೂ ಪೂರ್ತಿ ಕೇಳುತ್ತವೆ. ಎಸ್‌ಎಂಪಿಎಸ್ ಕೈ ಎತ್ತುತ್ತದೆ.

ಹಳೆಯ 1050 ಟಿಐ ಜೊತೆ ಯಾಕೆ ತೊಂದರೆ ಇರಲಿಲ್ಲ? ಅದಕ್ಕೆ ಬೇಕಾದದ್ದೇ 75 ವ್ಯಾಟ್. ಮದರ್‌ಬೋರ್ಡಿನ ಸ್ಲಾಟ್ ಅಷ್ಟನ್ನು ತಾನೇ ಕೊಡುತ್ತದೆ.

ಎರಡನೇ ಫೋಟೋ ನೋಡಿ ನನಗೆ ನಿಜವಾಗಿ ಗಾಬರಿಯಾಯಿತು. ನಿಮ್ಮ ಎಸ್‌ಎಂಪಿಎಸ್‌ನಲ್ಲಿ ಕಾರ್ಡಿಗೆ ಬೇಕಾದ 8 ಪಿನ್ ವೈರ್ ಇಲ್ಲ. ಹಾಗಾಗಿ ಅಂಗಡಿಯವರು ಹಾರ್ಡ್ ಡಿಸ್ಕಿಗೆ ಕರೆಂಟ್ ಕೊಡುವ ಎರಡು ಸಾಟಾ ವೈರ್ ಸೇರಿಸಿ 8 ಪಿನ್ ಮಾಡುವ ಕನ್ವರ್ಟರ್ ಹಾಕಿದ್ದಾರೆ. ಒಂದು ಸಾಟಾ ಪ್ಲಗ್‌ನಿಂದ 12 ವೋಲ್ಟ್‌ನಲ್ಲಿ ಎಳೆಯಬಹುದಾದ ಮಿತಿ 54 ವ್ಯಾಟ್. ಎರಡು ಸೇರಿದರೆ 108. ಆದರೆ 8 ಪಿನ್ ಕನೆಕ್ಟರ್ 150 ವ್ಯಾಟ್ ಸಿಗುತ್ತದೆ ಎಂದು ಕಾರ್ಡಿಗೆ ಹೇಳುತ್ತದೆ. ಕಾರ್ಡ್ ಅದನ್ನು ನಂಬಿ ಎಳೆಯುತ್ತದೆ. ಆಗ ಬಿಸಿಯಾಗುವುದು ಆ ಸಣ್ಣ ಸಾಟಾ ಪ್ಲಗ್. ಕರಗಿ ಕಪ್ಪಾಗಿ ಅಂಟಿಕೊಂಡ ಪ್ಲಗ್‌ಗಳನ್ನು ನನ್ನ ಮೇಜಿನ ಮೇಲೆ ನೋಡಿದ್ದೇನೆ. ಇವತ್ತೇ ಆ ಕನ್ವರ್ಟರ್ ತೆಗೆಯಿರಿ. ಹೊಸ ಎಸ್‌ಎಂಪಿಎಸ್ ಬರುವ ತನಕ ಹಳೆಯ 1050 ಟಿಐ ಹಾಕಿಕೊಂಡು ಕೆಲಸ ಮುಂದುವರಿಸಿ.

ಎನ್‌ವಿಡಿಯಾ ಈ ಕಾರ್ಡಿಗೆ ಹೇಳುವುದು 550 ವ್ಯಾಟ್ ಎಸ್‌ಎಂಪಿಎಸ್. ಹೆಸರಿರುವ ಕಂಪನಿಯದು, ಕರೆಂಟ್ ಹೆಚ್ಚು ಪೋಲಾಗದು ಎಂದು ಹೇಳುವ 80 ಪ್ಲಸ್ ಬ್ರಾಂಜ್ ಗುರುತು ಇರುವುದು, 12 ವೋಲ್ಟ್‌ನಲ್ಲಿ 40 ಆಂಪಿಯರ್‌ಗೆ ಕಡಿಮೆ ಇಲ್ಲದ್ದು, ತನ್ನದೇ 8 ಪಿನ್ ವೈರ್ ಇರುವುದು ತೆಗೆದುಕೊಳ್ಳಿ. ಗ್ರಾಂಟ್ ರೋಡ್ ಸ್ಟೇಷನ್‌ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಇಂಥವು ಬೇಕಾದಷ್ಟಿವೆ. ಡಬ್ಬಿ ತೆರೆಸಿ ಲೇಬಲ್ ಓದಿ, ಆಮೇಲೆ ದುಡ್ಡು ಕೊಡಿ. ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಹಗುರ ಎಸ್‌ಎಂಪಿಎಸ್ ಮೇಲೆ ದೊಡ್ಡ ಕಾರ್ಡ್ ಕೂರಿಸುವುದನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

ಈಗ ಡ್ರೈವರ್ ವಿಷಯ. ಡ್ರೈವರ್ ಕೆಟ್ಟಾಗ ಏನಾಗುತ್ತದೆ ಅಂತ ಎಲ್ಲರೂ ತಿಳಿದಿರುವುದು ಒಳ್ಳೆಯದು, ಆಗ ಯಾರೂ ನಿಮ್ಮನ್ನು ದಾರಿ ತಪ್ಪಿಸಲಾರರು. ವಿಂಡೋಸ್ ಕಾರ್ಡಿಗೆ ಒಂದು ಕೆಲಸ ಕೊಟ್ಟು 2 ಸೆಕೆಂಡ್ ಕಾಯುತ್ತದೆ. ಉತ್ತರ ಬರದಿದ್ದರೆ ಡ್ರೈವರನ್ನು ನಿಲ್ಲಿಸಿ ಮತ್ತೆ ಶುರು ಮಾಡುತ್ತದೆ. ಆಗ ಪರದೆ ಕಪ್ಪಾಗಿ ವಾಪಸ್ ಬರುತ್ತದೆ, ಎಡಿಟಿಂಗ್ ಸಾಫ್ಟ್‌ವೇರ್ ಮುಚ್ಚಿಹೋಗಬಹುದು. ಆದರೆ ಪಿಸಿ ಆನ್ ಇರುತ್ತದೆ, ಫ್ಯಾನ್ ತಿರುಗುತ್ತಿರುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಅದಲ್ಲ. ಫ್ಯಾನ್ ಸಮೇತ ಎಲ್ಲ ನಿಂತುಹೋಗುತ್ತಿದೆ. ಅದು ಕರೆಂಟಿನ ತೊಂದರೆ. ವಿಂಡೋಸ್‌ನ ಈವೆಂಟ್ ವ್ಯೂವರ್ ತೆರೆದು ನೋಡಿ. ಕರ್ನಲ್-ಪವರ್ 41 ಎಂಬ ದಾಖಲೆ ಸಿಗುತ್ತದೆ. ಸರಿಯಾಗಿ ಶಟ್‌ಡೌನ್ ಆಗದೆ ಪಿಸಿ ನಿಂತಿತು ಎಂದಷ್ಟೇ ಅದರ ಅರ್ಥ. ಇನ್ನು ವಿಂಡೋಸ್ ಶುರುವಾಗುವ ಮೊದಲು ಬರುವ ಬಯೋಸ್ ಪರದೆಯಲ್ಲೇ ಬಣ್ಣದ ಗೆರೆ, ಚೌಕಳಿ ಕಂಡರೆ ಅದು ಕಾರ್ಡಿನದೇ ದೋಷ, ಅಥವಾ ಕೇಬಲ್, ಮಾನಿಟರ್‌ನದು. ಅಲ್ಲಿ ವಿಂಡೋಸ್ ಡ್ರೈವರ್ ಇನ್ನೂ ಲೋಡೇ ಆಗಿರುವುದಿಲ್ಲವಲ್ಲ.

ಅಂಗಡಿಯವರಿಗೆ ಸಾಬೀತು ಮಾಡಿ ತೋರಿಸಬೇಕಾದರೆ ಒಂದು ದಾರಿ ಇದೆ. ಹೊಸ ಎಸ್‌ಎಂಪಿಎಸ್ ಇರುವ ಬೇರೆ ಯಾರದ್ದಾದರೂ ಪಿಸಿಯಲ್ಲಿ ನಿಮ್ಮ ಕಾರ್ಡ್ ಹಾಕಿ ಅದೇ ರೆಂಡರ್ ಓಡಿಸಿ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಾರ್ಡಿನ ಪವರ್ ಲಿಮಿಟ್ ಶೇಕಡಾ 70ಕ್ಕೆ ಇಳಿಸಿ ನೋಡುವುದೂ ಒಳ್ಳೆಯ ಪರೀಕ್ಷೆ. ಆಗ ಕಾರ್ಡ್ 120 ವ್ಯಾಟ್ ಒಳಗೇ ಇರುತ್ತದೆ, ಪಿಸಿ ನಿಲ್ಲದಿದ್ದರೆ ಕಳ್ಳ ಸಿಕ್ಕಂತೆಯೇ. ಆದರೆ ಆ ಸಾಟಾ ಕನ್ವರ್ಟರ್ ಇರುವಾಗ ನೀವು ಇದನ್ನು ಮಾಡುವುದು ಬೇಡ.

ಹೊಸ ಎಸ್‌ಎಂಪಿಎಸ್ ಬಂದ ಮೇಲೆ ಕಾರ್ಡನ್ನು ನೀವೇ ಹಾಕಬಹುದು. ಗೋಡೆಯ ಸ್ವಿಚ್ ಆರಿಸಿ, ವೈರ್ ಕಿತ್ತು, ಪಿಸಿಯ ಪವರ್ ಬಟನ್ ಒಂದು ಸಲ ಒತ್ತಿ ಹಿಡಿಯಿರಿ. ಒಳಗೆ ಉಳಿದ ಚಾರ್ಜ್ ಹೋಗುತ್ತದೆ. ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹ ಮುಟ್ಟಿ, ಆಮೇಲೆ ಕಾರ್ಡ್ ಮುಟ್ಟಿ. ತೆಗೆಯುವಾಗ ಸ್ಲಾಟಿನ ತುದಿಯ ಕ್ಲಿಪ್ ಒತ್ತುವುದನ್ನು ಮರೆತು ಎಳೆದರೆ ಮದರ್‌ಬೋರ್ಡ್ ಸ್ಲಾಟೇ ಕಿತ್ತು ಬರುತ್ತದೆ, ಜೋಪಾನ. ಮಾನಿಟರ್ ಕೇಬಲನ್ನು ಕಾರ್ಡಿನ ಪೋರ್ಟಿಗೇ ಹಾಕಿ. ಮದರ್‌ಬೋರ್ಡಿನ ಪೋರ್ಟಿಗೆ ಹಾಕಿಟ್ಟು, ಕಾರ್ಡ್ ಓಡುತ್ತಿಲ್ಲ ಎಂದು ಬರುವವರು ತುಂಬಾ ಜನ.

ನಿಮ್ಮ ಎರಡೂ ಕಾರ್ಡ್ ಎನ್‌ವಿಡಿಯಾದವು, ಹಾಗಾಗಿ ಡ್ರೈವರ್ ಕಷ್ಟವಿಲ್ಲ. ಎನ್‌ವಿಡಿಯಾ ಸೈಟಿನಿಂದ ಸ್ಟುಡಿಯೋ ಡ್ರೈವರ್ ಇಳಿಸಿಕೊಳ್ಳಿ, ಎಡಿಟಿಂಗ್ ಮಾಡುವವರಿಗೆ ಅದೇ ಸರಿ. ಇನ್‌ಸ್ಟಾಲ್ ಮಾಡುವಾಗ ಕಸ್ಟಮ್ ಆರಿಸಿ, ಕ್ಲೀನ್ ಇನ್‌ಸ್ಟಲೇಷನ್‌ಗೆ ಟಿಕ್ ಹಾಕಿ. ಅಷ್ಟೇ. ಎನ್‌ವಿಡಿಯಾ ಬಿಟ್ಟು ಎಎಂಡಿಗೆ ಹೋಗುವವರು, ಅಥವಾ ಅಲ್ಲಿಂದ ಇಲ್ಲಿಗೆ ಬರುವವರು ಮಾತ್ರ ಡಿಡಿಯು ಎಂಬ ಉಚಿತ ಸಾಫ್ಟ್‌ವೇರ್ ಬಳಸಿ ಹಳೆಯದನ್ನು ಪೂರ್ತಿ ಒರೆಸಿ. ಅದನ್ನು ಸೇಫ್ ಮೋಡ್‌ನಲ್ಲಿ, ಅಂದರೆ ವಿಂಡೋಸ್ ತೀರಾ ಅಗತ್ಯದ ಡ್ರೈವರ್‌ಗಳಷ್ಟನ್ನೇ ಹಾಕಿಕೊಂಡು ಶುರುವಾದಾಗ, ಓಡಿಸಬೇಕು. ಹೊಸ ಡ್ರೈವರ್ ಫೈಲ್ ಮೊದಲೇ ಇಳಿಸಿಟ್ಟುಕೊಂಡು ಇಂಟರ್ನೆಟ್ ತೆಗೆದಿರಬೇಕು. ಇಲ್ಲದಿದ್ದರೆ ನೀವು ಒರೆಸುವಷ್ಟರಲ್ಲಿ ವಿಂಡೋಸ್ ಅಪ್‌ಡೇಟ್ ತನಗೆ ತೋಚಿದ ಡ್ರೈವರ್ ತಂದು ಕೂರಿಸುತ್ತದೆ. ಡಿಸ್ಕಿಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಕಾಗದದ ಮೇಲೆ ಬರೆದಿಟ್ಟುಕೊಂಡೇ ಸೇಫ್ ಮೋಡ್‌ಗೆ ಹೋಗಿ.

ಹಳೆಯ 1050 ಟಿಐ ಮಾರಬೇಡಿ. ಆ ಪೀಳಿಗೆಯ ಕಾರ್ಡುಗಳಿಗೆ ಹೊಸ ಗೇಮ್‌ಗಳ ಡ್ರೈವರ್ 2025ರ ಅಕ್ಟೋಬರ್‌ಗೆ ನಿಂತಿತು. ಭದ್ರತೆಯ ಅಪ್‌ಡೇಟ್‌ಗಳನ್ನು 2028ರ ಅಕ್ಟೋಬರ್ ತನಕ ಕೊಡುವುದಾಗಿ ಎನ್‌ವಿಡಿಯಾ ಹೇಳಿದೆ. ಬೇರೆ ವೈರ್ ಕೇಳದ ಕಾರ್ಡ್ ಒಂದು ಮನೆಯಲ್ಲಿದ್ದರೆ ಪರೀಕ್ಷೆಗೆ ತುಂಬಾ ಉಪಯೋಗ. ಈಗ ನಿಮ್ಮ ಕೆಲಸ ನಿಲ್ಲದಂತೆ ಕಾಯುವುದೂ ಅದೇ ಅಲ್ವಾ?

ಸರ್, ನಾನು ಬಾಗಲಕೋಟೆಯವನು, ಪುಣೆಯ ಆಕುರ್ಡಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಜಾಹೀರಾತು ನೋಡಿ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ, 4 ಜಿಬಿ ಕಾರ್ಡ್ ಬಹಳ ಕಡಿಮೆ ಬೆಲೆಗೆ ತಂದೆ. ಎನ್‌ವಿಡಿಯಾ ಸೈಟಿನ ಡ್ರೈವರ್ ಇನ್‌ಸ್ಟಾಲ್ ಆಗುತ್ತಿಲ್ಲ. ಮಾರಿದವರು ಒಂದು ಪೆನ್‌ಡ್ರೈವ್ ಕೊಟ್ಟು, ಇದರಲ್ಲಿರುವ ಡ್ರೈವರ್ ಮಾತ್ರ ಹಾಕು, ಅಪ್‌ಡೇಟ್ ಮಾಡಬೇಡ ಎಂದಿದ್ದರು. ಅದು ಹಾಕಿದರೆ 1050 ಟಿಐ ಅಂತ ತೋರಿಸುತ್ತದೆ, ಆದರೆ ಗೇಮ್ ಆಡಿದರೆ ಕುಂಟುತ್ತದೆ. ಏನು ಮಾಡಲಿ?

ತಮ್ಮಾ, ಆ ಪೆನ್‌ಡ್ರೈವ್ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಬಂತು. ಇದು ಹೆಚ್ಚಾಗಿ ನಕಲಿ ಕಾರ್ಡ್. 2010ರ ಜಿಟಿಎಸ್ 450ಯಂಥ ಹಳೆಯ ಚಿಪ್ ಇರುವ ಕಾರ್ಡಿನ ಒಳಗೇ ಇರುವ ಬಯೋಸ್ ಸಾಫ್ಟ್‌ವೇರ್ ತಿದ್ದಿ, ಹೆಸರು ಬದಲಿಸಿ ಮಾರುತ್ತಾರೆ. ನಿಜವಾದ 1050 ಟಿಐಯಲ್ಲಿ ಲೆಕ್ಕ ಮಾಡುವ ಸಣ್ಣ ಘಟಕಗಳು, ಅಂದರೆ ಸಿಯುಡಿಎ (CUDA) ಕೋರ್‌ಗಳು, 768 ಇವೆ. ಜಿಟಿಎಸ್ 450ಯಲ್ಲಿ 192. ಕುಂಟುವುದು ಅದಕ್ಕೇ. ಆ ಹಳೆಯ ಪೀಳಿಗೆಗೆ ಎನ್‌ವಿಡಿಯಾ 2018ರಲ್ಲೇ ಹೊಸ ಡ್ರೈವರ್ ನಿಲ್ಲಿಸಿದೆ. ಹಾಗಾಗಿ ಈಗಿನ ಡ್ರೈವರ್ ಆ ಚಿಪ್ಪನ್ನು ಒಪ್ಪಿಕೊಳ್ಳುವುದಿಲ್ಲ. ತಿದ್ದಿದ ಡ್ರೈವರ್ ಕೊಟ್ಟಿರುವುದು ಆ ಕಾರಣಕ್ಕೆ.

ಖಚಿತ ಮಾಡಿಕೊಳ್ಳಲು ಜಿಪಿಯು-ಝಡ್ ಎಂಬ ಸಣ್ಣ ಉಚಿತ ಸಾಫ್ಟ್‌ವೇರ್ ಇಳಿಸಿಕೋ. 2018ರಿಂದ ಅದು ಇಂಥ ಎನ್‌ವಿಡಿಯಾ ನಕಲಿಗಳನ್ನು ಗುರುತಿಸುತ್ತದೆ. ಕಾರ್ಡಿನ ಹೆಸರಿಗೆ ಮೊದಲು ಫೇಕ್ ಎಂದು ಬರೆಯುತ್ತದೆ. ಅಸಲಿ ಚಿಪ್ಪಿನ ಹೆಸರು ಜಿಪಿ107 ಎಂದಿರಬೇಕು. ಕಾರ್ಡಿನ ಹಿಂಬದಿ ನೋಡು. ನೀಲಿ ಬಣ್ಣದ ವಿಜಿಎ ಪೋರ್ಟ್ ಇದ್ದರೆ ಅದೂ ಒಂದು ಗುರುತು. ಈ ಪೀಳಿಗೆಯ ಚಿಪ್ ವಿಜಿಎಗೆ ಸಿಗ್ನಲ್ ಕೊಡುವುದೇ ಇಲ್ಲ.

ನಕಲಿ ಅಂತ ಗೊತ್ತಾದರೆ ಮಾಡಬೇಕಾದದ್ದು ಎರಡು. ಮೊದಲನೆಯದು, ಆ ಪೆನ್‌ಡ್ರೈವ್ ಡ್ರೈವರ್ ತೆಗೆದುಹಾಕಿ, ವಿಂಡೋಸ್ ಹೊಸದಾಗಿ ಹಾಕಿಸು. ಡ್ರೈವರ್ ವಿಂಡೋಸ್‌ನ ಒಳಮನೆ ತನಕ ಹೋಗುವ ಸಾಫ್ಟ್‌ವೇರ್. ಯಾರೋ ತಿದ್ದಿದ್ದನ್ನು ಇಟ್ಟುಕೊಂಡು ಅದೇ ಪಿಸಿಯಲ್ಲಿ ಯುಪಿಐ, ಬ್ಯಾಂಕ್ ಎಲ್ಲ ಮಾಡುವುದು ಅಪಾಯ. ಫಾರ್ಮ್ಯಾಟ್ ಬೇಡ ಎಂದು ಮೇಲೆ ಹಟ ಹಿಡಿದವನು ನಾನೇ. ಆದರೆ ಇಲ್ಲಿ ಬೇಕೇ ಬೇಕು. ಎರಡನೆಯದು, ಜಿಪಿಯು-ಝಡ್ ಪರದೆಯ ಫೋಟೋ ತೆಗೆದು ಮಾರಿದವರಿಗೆ ಕಳಿಸಿ ದುಡ್ಡು ವಾಪಸ್ ಕೇಳು. ದುಡ್ಡು ಕಳಿಸಿದ ದಾಖಲೆ, ಮಾತಾಡಿದ ಮೆಸೇಜ್ ಯಾವುದನ್ನೂ ಅಳಿಸಬೇಡ. ಕೊಡದಿದ್ದರೆ ಸೈಬರ್ ವಂಚನೆಗೆ ಸರ್ಕಾರದ ಸಹಾಯವಾಣಿ 1930 ಇದೆ, ಅಲ್ಲಿ ದೂರು ಕೊಡು. ಮನೆಯಿಂದ ಬಂದ ದುಡ್ಡು ಅದು. ನಾಚಿಕೆಪಟ್ಟು ಸುಮ್ಮನಿರಬೇಡ.

ಮುಂದೆ ಕೊಳ್ಳುವಾಗ ಬುಧವಾರ ಪೇಟೆಯಲ್ಲಿ ಪಾಸೋಡ್ಯಾ ವಿಠೋಬಾ ದೇವಸ್ಥಾನದ ಸುತ್ತ ಎಲೆಕ್ಟ್ರಾನಿಕ್ಸ್ ಅಂಗಡಿಗಳಿವೆ, ಅಲ್ಲಿಗೂ ಹೋಗಿ ಬೆಲೆ ಕೇಳು. ಎಲ್ಲೇ ಕೊಂಡರೂ ಕಾರ್ಡನ್ನು ಅವರ ಪಿಸಿಯಲ್ಲಿ ಹಾಕಿಸಿ, ಜಿಪಿಯು-ಝಡ್ ತೆರೆಸಿ, ಹತ್ತು ನಿಮಿಷ ಭಾರ ಕೊಟ್ಟು ಓಡಿಸಿ ನೋಡು. ಇದಕ್ಕೆ ಒಪ್ಪದವರ ಹತ್ತಿರ ಕೊಳ್ಳಬೇಡ.

ವಾಸ್ಕೋದಲ್ಲಿ ಬಂದರಿನ ಹತ್ತಿರ ಝೆರಾಕ್ಸ್, ಫೋಟೋ ಪ್ರಿಂಟ್ ಅಂಗಡಿ ಇಟ್ಟಿದ್ದೇನೆ. ಪ್ರತಿ ಮಳೆಗಾಲದಲ್ಲಿ ಇದೇ ಗೋಳು. ಬೆಳಿಗ್ಗೆ ಪಿಸಿ ಆನ್ ಮಾಡಿದರೆ ಡಿಸ್‌ಪ್ಲೇ ಬರುವುದಿಲ್ಲ. ಗ್ರಾಫಿಕ್ಸ್ ಕಾರ್ಡ್ ತೆಗೆದು ಮತ್ತೆ ಹಾಕಿದರೆ ಬರುತ್ತದೆ. ಕಾರ್ಡ್ ಬದಲಿಸಬೇಕೇ?

ತೆಗೆದು ಹಾಕಿದರೆ ಬರುತ್ತದೆ ಅಂದರೆ ಕಾರ್ಡ್ ಬಹುಶಃ ಚೆನ್ನಾಗಿಯೇ ಇದೆ. ಸ್ಲಾಟಿಗೆ ತಾಗುವ ಚಿನ್ನದ ಬಣ್ಣದ ಕಾಲುಗಳ ಮೇಲೆ ಪೊರೆ ಕಟ್ಟಿರುತ್ತದೆ. ಸಮುದ್ರದ ಗಾಳಿಯಲ್ಲಿ ಉಪ್ಪಿದೆ. ಅದು ಧೂಳಿನ ಜೊತೆ ಸೇರಿ ಕೂರುತ್ತದೆ, ಮಳೆಗಾಲದ ತೇವ ಹೀರುತ್ತದೆ. ಇಲ್ಲಿ ಮುಂಬಯಿಯಲ್ಲೂ ಕಡಲ ಪಕ್ಕದ ಮನೆಗಳಿಂದ ಬರುವ ಪಿಸಿಗಳಲ್ಲಿ ಇದನ್ನೇ ನೋಡುತ್ತೇನೆ.

ಮೆಡಿಕಲ್ ಅಥವಾ ಎಲೆಕ್ಟ್ರಾನಿಕ್ಸ್ ಅಂಗಡಿಯಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತನ್ನಿ, 99 ಶೇಕಡಾ ಇರುವುದೇ ಇರಲಿ. ನಾರು ಬಿಡದ ಬಟ್ಟೆಗೆ ಹಚ್ಚಿ ಕಾಲುಗಳನ್ನು ಒರೆಸಿ. ತಂತ್ರಜ್ಞರು ಪೆನ್ಸಿಲ್ ರಬ್ಬರಿನಿಂದ ಉಜ್ಜುವುದನ್ನು ನೀವು ನೋಡಿರಬಹುದು. ಮೆತ್ತಗೆ ಒಮ್ಮೆ ಮಾಡಿದರೆ ಪರವಾಗಿಲ್ಲ, ಆದರೆ ಪ್ರತಿ ವಾರ ಉಜ್ಜಿದರೆ ಮೇಲಿನ ತೆಳು ಚಿನ್ನದ ಲೇಪ ಸವೆದು ಹೋಗುತ್ತದೆ. ಪಾಲಿಶ್ ಪೇಪರ್ ಮಾತ್ರ ಮುಟ್ಟಿಸಲೇಬೇಡಿ. ಸ್ಲಾಟಿನ ಒಳಗಿನ ಧೂಳನ್ನು ಬ್ಲೋವರ್‌ನಿಂದ ಊದಿಸಿ, ಬಾಯಿಂದ ಊದಬೇಡಿ. ಎಂಜಲಿನ ತೇವವೇ ಹೊಸ ತೊಂದರೆ ತರುತ್ತದೆ.

ರ‍್ಯಾಮ್ ಕಾಲುಗಳಿಗೂ ಇದೇ ಕಾಯಿಲೆ ಬರುತ್ತದೆ, ಲಕ್ಷಣವೂ ಅದೇ. ಕಾರ್ಡ್ ತೆಗೆಯುವಾಗ ಕೈ ತಾಗಿ ರ‍್ಯಾಮ್ ಅಲ್ಲಾಡಿದ್ದಕ್ಕೇ ಡಿಸ್‌ಪ್ಲೇ ಬಂದಿರಲೂಬಹುದು. ಹಾಗಾಗಿ ರ‍್ಯಾಮನ್ನೂ ಒರೆಸಿ.

ಕ್ಯಾಬಿನೆಟನ್ನು ನೆಲದ ಮೇಲೆ, ಕಿಟಕಿ ಪಕ್ಕ ಇಟ್ಟಿದ್ದರೆ ಎತ್ತರಕ್ಕೆ, ಗೋಡೆ ಕಡೆಗೆ ಸರಿಸಿ. ಅಂಗಡಿಗೆ ಎಸಿ ಇದ್ದರೆ, ಅದನ್ನು ಆರಿಸಿದ ಕೂಡಲೇ ಶಟರ್ ಎತ್ತಿ ತೇವದ ಗಾಳಿ ಒಳಗೆ ಬಿಡಬೇಡಿ. ತಣ್ಣಗಿರುವ ಲೋಹದ ಮೇಲೆ ನೀರು ಹನಿಗಟ್ಟುತ್ತದೆ. ರಜೆಯಲ್ಲೂ ಮಧ್ಯೆ ಮಧ್ಯೆ ಪಿಸಿಯನ್ನು ಸ್ವಲ್ಪ ಹೊತ್ತು ಓಡಿಸಿ, ಒಳಗಿನ ಬಿಸಿಗೆ ತೇವ ಒಣಗುತ್ತದೆ. ಇಷ್ಟು ಮಾಡಿದ ಮೇಲೂ ಹಾಗೇ ಇದ್ದರೆ ಕಾರ್ಡ್ ಬದಲಿಸುವ ಮಾತು.

ಮಾಟುಂಗಾದಲ್ಲಿರುವ ನಿವೃತ್ತ ಶಿಕ್ಷಕಿ. ಐ3-10100 ಪಿಸಿ, ಜಿಟಿ 710 ಕಾರ್ಡ್ ಇದೆ. ಮೊಮ್ಮಗ ವಿಂಡೋಸ್ 11 ಹೊಸದಾಗಿ ಹಾಕಿಕೊಟ್ಟ ಮೇಲೆ ಅಕ್ಷರಗಳೆಲ್ಲ ದಪ್ಪ, ಮಸುಕು. ನುಡಿ ಎಂಬ ಕನ್ನಡ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿದರೆ ಒತ್ತಕ್ಷರ ಸರಿಯಾಗಿ ಕಾಣುವುದಿಲ್ಲ. ಬೇರೆ ಕಾರ್ಡ್ ಕೊಳ್ಳಬೇಕೇ ಮಗಾ?

ಬೇಡಮ್ಮಾ, ಒಂದು ಪೈಸೆಯೂ ಖರ್ಚು ಮಾಡಬೇಡಿ. ಮೊಮ್ಮಗನಿಗೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ತೆರೆದು ಡಿಸ್‌ಪ್ಲೇ ಅಡಾಪ್ಟರ್ಸ್ ನೋಡಲು ಹೇಳಿ. ಅಲ್ಲಿ ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್ ಎಂದಿರುತ್ತದೆ. ಕಾರ್ಡಿನ ಡ್ರೈವರ್ ಇಲ್ಲದಾಗ ವಿಂಡೋಸ್ ಹೇಗೋ ಚಿತ್ರ ತೋರಿಸಲು ಬಳಸುವುದು ಅದು. ಮಾನಿಟರ್‌ನ ನಿಜವಾದ ಅಳತೆ ಅದಕ್ಕೆ ಸಿಗದೆ ಅಕ್ಷರ ದಪ್ಪವಾಗಿದೆ.

ಜಿಟಿ 710ಕ್ಕೆ ಡ್ರೈವರ್ ಹುಡುಕುತ್ತಾ ಕೂರುವುದೂ ಬೇಡ. ಅದರ ಮಾಮೂಲಿ ಡ್ರೈವರ್‌ಗಳು 2021ರಲ್ಲೇ ನಿಂತವು, ಭದ್ರತೆಯ ಅಪ್‌ಡೇಟ್ ಕೂಡ 2024ರ ಸೆಪ್ಟೆಂಬರ್‌ಗೆ ಮುಗಿಯಿತು. ನಿಮ್ಮ ಐ3 ಒಳಗೇ ಇಂಟೆಲ್‌ನ ಗ್ರಾಫಿಕ್ಸ್ ಇದೆ. ನೀವು ನೋಡುವ ಯೂಟ್ಯೂಬ್ ವಿಡಿಯೋಗಳನ್ನು ಚಿಕ್ಕದು ಮಾಡಿ ಕಳಿಸುವ ವಿಪಿ9 ಎಂಬ ಬಗೆಯನ್ನು ಅದು ತಾನೇ ಬಿಡಿಸಿ ತೋರಿಸುತ್ತದೆ. ಜಿಟಿ 710ಕ್ಕೆ ಅದು ಬರುವುದಿಲ್ಲ, ಎಲ್ಲ ಭಾರ ಪ್ರೊಸೆಸರ್ ಮೇಲೆ ಬೀಳುತ್ತದೆ. ಕಾರ್ಡ್ ತೆಗೆದು ಪಕ್ಕಕ್ಕಿಡಿ. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ. ಇಂಟೆಲ್ ಸೈಟಿನಿಂದ ಡ್ರೈವರ್ ಹಾಕಿಕೊಳ್ಳಿ. ಒತ್ತಕ್ಷರಗಳೆಲ್ಲ ಸ್ಪಷ್ಟವಾಗುತ್ತವೆ.

ಒಂದೇ ಎಚ್ಚರ. ಪ್ರೊಸೆಸರ್ ಹೆಸರಿನ ಕೊನೆಗೆ ಎಫ್ ಎಂಬ ಅಕ್ಷರ ಇದೆಯೇ ನೋಡಿ. 10100ಎಫ್ ಆಗಿದ್ದರೆ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ಆಗ ಕಾರ್ಡ್ ತೆಗೆಯಬೇಡಿ, ನನಗೆ ಇನ್ನೊಂದು ಪತ್ರ ಬರೆಯಿರಿ.

ಠಾಣೆ ನಗರದಿಂದ: ಗ್ರಾಫಿಕ್ಸ್ ಡ್ರೈವರ್ ಪ್ರತಿ ತಿಂಗಳು ಅಪ್‌ಡೇಟ್ ಮಾಡಲೇಬೇಕೇ? ಎಲ್ಲ ಡ್ರೈವರ್ ತಾನಾಗಿಯೇ ಅಪ್‌ಡೇಟ್ ಮಾಡುವ ಸಾಫ್ಟ್‌ವೇರ್ ಹಾಕಿಕೊಳ್ಳಬಹುದೇ?

ಎರಡನೆಯದಕ್ಕೆ ಖಂಡಿತ ಬೇಡ. ಆ ಸಾಫ್ಟ್‌ವೇರ್‌ಗಳು ನಿಮ್ಮ ಪಿಸಿಗೆ ಹೊಂದದ ಡ್ರೈವರ್ ಹಾಕಿ ಕೆಡಿಸಿದ್ದನ್ನು ಸರಿ ಮಾಡುವುದೇ ನನಗೆ ಒಂದು ಕೆಲಸವಾಗಿದೆ. ಎನ್‌ವಿಡಿಯಾ, ಎಎಂಡಿ, ಇಂಟೆಲ್ ಈ ಮೂವರ ಸೈಟು ಬಿಟ್ಟು ಬೇರೆಲ್ಲಿಂದಲೂ ಗ್ರಾಫಿಕ್ಸ್ ಡ್ರೈವರ್ ತರಬೇಡಿ.

ಪ್ರತಿ ತಿಂಗಳು ಅಪ್‌ಡೇಟ್ ಬೇಕಿಲ್ಲ. ಹೊಸ ಗೇಮ್ ಆಡುವವರಿಗೆ ಬೇಕಾಗಬಹುದು. ಕಂಪನಿ ಭದ್ರತೆಯ ದೋಷ ಸರಿಪಡಿಸಿದೆ ಎಂದಾಗ ಎಲ್ಲರೂ ಮಾಡಿ. ಅಪ್‌ಡೇಟ್ ಆದ ಮೇಲೆ ಏನಾದರೂ ಕೆಟ್ಟರೆ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಹೆಸರಿನ ಮೇಲೆ ಎರಡು ಸಲ ಒತ್ತಿ, ಡ್ರೈವರ್ ಎಂಬ ಪುಟಕ್ಕೆ ಹೋಗಿ, ರೋಲ್ ಬ್ಯಾಕ್ ಡ್ರೈವರ್ ಒತ್ತಿ. ಹಿಂದಿನದು ವಾಪಸ್ ಬರುತ್ತದೆ. ಕೆಲಸದ ಮಧ್ಯೆ ಪರದೆ ಕಪ್ಪಾಗಿ ನಿಂತರೆ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ಬಿ ನಾಲ್ಕೂ ಕೀ ಒಟ್ಟಿಗೆ ಒತ್ತಿ ನೋಡಿ. ಒಂದು ಬೀಪ್ ಬಂದು ಡ್ರೈವರ್ ಮಾತ್ರ ಮತ್ತೆ ಶುರುವಾಗುತ್ತದೆ. ತೆರೆದಿಟ್ಟ ಕೆಲಸ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅದಕ್ಕೂ ಪರದೆ ಬರದಿದ್ದರೆ ಮಾತ್ರ ಪವರ್ ಬಟನ್ ಒತ್ತಿ ಹಿಡಿಯಿರಿ.